ಕೆಂಪು ಪಟ್ಟಿಯ ಸೂಟು

ಒಂದೇ ದಿನ ಹತ್ತೊಂಬತ್ತು ಸಲ ಬಿದ್ದೆ. ಯಾರೂ ತಳ್ಳಲಿಲ್ಲ. ನೆಲ ಜಾರುತ್ತಲೂ ಇರಲಿಲ್ಲ, ಬೆಳಿಗ್ಗೆ ಅದನ್ನು ಒರೆಸಿ ಒಣಗಿಸಿದವಳೇ ನಾನು. "ಬೀಳಿ ಆಂಟಿ" ಅಂದರು, ಬಿದ್ದೆ. "ಇನ್ನೊಂದ್ಸಲ ಆಂಟಿ" ಅಂದರು, ಎದ್ದು ಮತ್ತೆ ಬಿದ್ದೆ. ಎಣಿಸಿದ್ದು ನಾನಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ಲಿಖಿತ್ ಅನ್ನುವ ಹುಡುಗ ಪ್ರತಿ ಸಲ ನಂಬರು ಕೂಗುತ್ತಿದ್ದ. ಹತ್ತೊಂಬತ್ತಕ್ಕೆ ಅವನಿಗೆ ಸಾಕಾಯಿತು. ನನ್ನ ಸೊಂಟಕ್ಕೆ ಏಳಕ್ಕೇ ಸಾಕಾಗಿತ್ತು, ಅದನ್ನು ಯಾರೂ ಕೇಳಲಿಲ್ಲ.

ನನ್ನ ಹೆಸರು ಕುಸುಮ. ಇಲವಾಲದ ಕೇರಿಯವಳು. ಹುಣಸೂರು ರಸ್ತೆಯಲ್ಲಿ ಒಂದು ಖಾಸಗಿ ವಿಶ್ವವಿದ್ಯಾಲಯ ಇದೆ. ಅದರಲ್ಲಿ ಸಿನಿಮಾ, ಆನಿಮೇಷನ್, ಗೇಮ್ ಮಾಡುವುದನ್ನು ಕಲಿಸುವ ಒಂದು ಸ್ಕೂಲು. ಓದುವವರೆಲ್ಲ ಡಿಗ್ರಿಯವರು, ಆದರೂ ಅದಕ್ಕೆ ಸ್ಕೂಲು ಅಂತಲೇ ಅನ್ನುತ್ತಾರೆ. ಅಲ್ಲಿ ನಾನು ನಾಲ್ಕು ವರ್ಷದಿಂದ ಹೌಸ್‌ಕೀಪಿಂಗ್. ಅಂದರೆ ಕಕ್ಕಸು ತೊಳೆಯುವವಳು. ಇಂಗ್ಲಿಷಿನಲ್ಲಿ ಕರೆದರೆ ನಾತ ಕಮ್ಮಿಯಾಗುತ್ತದೆ ಅಂತ ಯಾರಿಗೋ ಅನ್ನಿಸಿರಬೇಕು. ಸೂಪರ್‌ವೈಸರ್ ಲೋಕೇಶ್ ಮೊದಲ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾವ ಊರು, ಯಾವ ಬೀದಿ ಅಂತ ಕೇಳಿದ. ಊರೊಳಗಿನ ಬೀದಿಯ ಹೆಂಗಸರು ಕ್ಯಾಂಟೀನಿಗೆ ಹೋದರು. ಕೇರಿಯವರಾದ ನಾನು ಮತ್ತು ಕೆಂಚಮ್ಮ ಕಕ್ಕಸಿಗೆ ಬಂದೆವು. ಜಾತಿ ಅನ್ನುವ ಮಾತನ್ನು ಆಸಾಮಿ ಎತ್ತಲೇ ಇಲ್ಲ.

ಬೀಳುವುದಕ್ಕೆ ಮುಂಚೆ ಹೊರುವುದಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಒಬ್ಬ ಮೇಷ್ಟ್ರು ಮಕ್ಕಳನ್ನು ಕೂಗಿ ಕರೆದು, ಭಾರ ಅಂದರೆ ಇದು, ಬೆನ್ನು ಹೇಗೆ ಬಗ್ಗಿದೆ ನೋಡಿ, ಪಾದ ಹೇಗೆ ಊರುತ್ತಾರೆ ನೋಡಿ ಅಂದರು. ಇಪ್ಪತ್ತು ಮೊಬೈಲು ಹೊರಗೆ ಬಂದವು. ಕೆಳಗಿಳಿದು ಮತ್ತೆ ಹತ್ತಿ ಅಂದರು. ಹತ್ತಿದೆ. ಪಕ್ಕದಿಂದ ಬೇಕು ಅಂದರು. ಹಿಂದಿನಿಂದ ಬೇಕು ಅಂದರು. ಅದನ್ನು ನೋಡಿಕೊಂಡು ಅವರು ಕಂಪ್ಯೂಟರಿನಲ್ಲಿ ಬೊಂಬೆ ನಡೆಸಬೇಕಂತೆ, ಅದಕ್ಕೆ ರೆಫರೆನ್ಸ್ ಅಂತ ಹೆಸರಂತೆ. ಹನ್ನೆರಡು ಸಲ ಹತ್ತಿದೆ. ಭಾರ ಏನು ಅಂತ ಕಲಿಯಲು ನಿಂತಿದ್ದ ಇಪ್ಪತ್ತು ಜನರಲ್ಲಿ ಒಬ್ಬರಾದರೂ ಆ ಕ್ಯಾನಿಗೆ ಕೈ ಹಚ್ಚಲಿಲ್ಲ.

ಆಮೇಲೆ ಸೂಟು ಬಂತು. ಕೆಳಗಿನ ಮಹಡಿಯಲ್ಲಿ ಗೋಡೆಗೆಲ್ಲ ಕಪ್ಪು ಬಳಿದ ದೊಡ್ಡ ಲ್ಯಾಬಿದೆ. ಮೇಲೆ ಸುತ್ತಲೂ ಕ್ಯಾಮೆರಾ. ಮೈಗಂಟುವ ಕಪ್ಪು ಸೂಟು ತೊಟ್ಟು, ಕೀಲುಕೀಲಿಗೂ ಗೋಲಿಯಂಥ ಬೂದು ಗುಂಡುಗಳನ್ನು ಅಂಟಿಸಿಕೊಂಡು ನಡುವೆ ನಿಲ್ಲಬೇಕು. ಕ್ಯಾಮೆರಾಗಳಿಗೆ ಆ ಗುಂಡುಗಳು ಮಾತ್ರ ಕಾಣುತ್ತವೆ. ನಾನು ಕೈ ಎತ್ತಿದರೆ ಪರದೆಯ ಮೇಲಿನ ಬೊಂಬೆ ಕೈ ಎತ್ತುತ್ತದೆ. ಶುರು ಮಾಡುವ ಮುಂಚೆ ಎರಡೂ ಕೈ ಪಕ್ಕಕ್ಕೆ ಚಾಚಿ ಅಲ್ಲಾಡದೆ ನಿಂತಿರಬೇಕು, ಆಗಲೇ ಕಂಪ್ಯೂಟರಿಗೆ ಮೈಯ ಗುರುತು ಸಿಗುವುದಂತೆ. ಒಂದೊಂದು ದಿನ ಅರ್ಧ ಗಂಟೆ ಹಾಗೆ ನಿಂತಿದ್ದೇನೆ. ತೋಳು ಕಿತ್ತು ಬರುತ್ತದೆ. ಕೈ ಇಳಿಸಿದರೆ ಮತ್ತೆ ಮೊದಲಿಂದ.

ಮಕ್ಕಳು ಗುಂಡುಗಳನ್ನು ಒಬ್ಬರಿಗೊಬ್ಬರು ಅಂಟಿಸುತ್ತಾರೆ. ಕಚಗುಳಿ ಇಡುತ್ತಾರೆ, ನಗುತ್ತಾರೆ. ನನಗೆ ಅಂಟಿಸುವವರಿಲ್ಲ. ಡಬ್ಬಿಯನ್ನು ನೆಲದ ಮೇಲಿಟ್ಟು ದೂರದಿಂದ ಬೆರಳು ತೋರಿಸುತ್ತಾರೆ, ಅಲ್ಲಲ್ಲ ಆಂಟಿ, ಇನ್ನೂ ಮೇಲೆ, ಸ್ವಲ್ಪ ಬಲಕ್ಕೆ. ಬೆನ್ನಿನ ಗುಂಡುಗಳಿಗೆ ಮೇಲಿನ ಮಹಡಿಯ ಕಕ್ಕಸಿನಿಂದ ಕೆಂಚಮ್ಮನನ್ನು ಕರೆಸುತ್ತಾರೆ. ಕೆಂಚಮ್ಮನಿಗೆ ಅರವತ್ತು ದಾಟಿದೆ, ಕಣ್ಣು ಮಂಜು. "ಇವುಕ್ಕೇನು ಕೈಗೆ ಉಳ ಬಿದ್ದದಾ?" ಅಂತ ನನ್ನ ಕಿವಿಯಲ್ಲಿ ಗೊಣಗುತ್ತ ತಡವರಿಸಿ ಅಂಟಿಸುತ್ತಾಳೆ.

ಸೂಟುಗಳು ನಾಲ್ಕಿದ್ದವು. ನಾಲ್ಕೂ ಒಂದೇ ಥರ, ಒಂದೇ ಅಳತೆ, ಎಳೆದರೆ ಹಿಗ್ಗುವ ಬಟ್ಟೆ. ಮೆಷಿನ್ನಿಗೆ ಹಾಕಿದರೆ ಕೆಡುತ್ತವೆ ಅಂತ ಕೈಯಲ್ಲೇ ಒಗೆಯಬೇಕು, ಒಗೆಯುವವಳು ನಾನು. ಅವರ ಬೆವರನ್ನೆಲ್ಲ ನಾನು ಹಿಂಡಿ ತೆಗೆದಾಗ ಯಾರಿಗೂ ಏನೂ ಆಗಲಿಲ್ಲ. ನಾನು ಒಂದು ದಿನ ತೊಟ್ಟು ಬಿಚ್ಚಿದ ಸೂಟನ್ನು, ಒಗೆದು ಒಣಗಿಸಿದ ಮೇಲೂ, ಮಾಲವಿಕಾ ಮುಟ್ಟಲಿಲ್ಲ. ಒಂಟಿಕೊಪ್ಪಲು ಬಡಾವಣೆಯ ಹುಡುಗಿ, ಅವರು ಮಾಡುತ್ತಿದ್ದ ಗೇಮಿಗೆ ಅವಳೇ ಹೀರೋಯಿನ್. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ನನಗೆ ಸ್ಕಿನ್ ಅಲರ್ಜಿ, ಹೈಜೀನ್ ವಿಷಯ ಅಷ್ಟೆ ಅಂತ ಮೆತ್ತಗೆ ಹೇಳಿದಳು. ಹೇಳಿ, ಲಿಖಿತ್ ಆಗತಾನೇ ಬಿಚ್ಚಿದ ಸೂಟನ್ನು ತೊಟ್ಟುಕೊಂಡಳು.

ಮಾರನೆಯ ದಿನ ಲೋಕೇಶ್ ಒಂದು ತುಂಡು ಕೆಂಪು ಬಟ್ಟೆ ತಂದುಕೊಟ್ಟ. ಒಂದು ಸೂಟಿನ ಕತ್ತಿನ ಹಿಂದೆ ಇದನ್ನು ಹೊಲಿ, ಇನ್ನು ಮೇಲೆ ಅದು ನಿನ್ನದು, ಬೇರೆ ಬಕೆಟ್ಟಿನಲ್ಲಿ ಒಗಿ, ಬೇರೆ ಮೊಳೆಗೆ ನೇತುಹಾಕು ಅಂದ. ಯಾಕೆ ಅಂದೆ. "ಗುರ್ತಿಗೆ ಕಣಮ್ಮ, ಅಷ್ಟೆ," ಅಂದ. ನಮ್ಮತ್ತೆ ಬದುಕಿದ್ದಾಗ ಹೇಳುತ್ತಿದ್ದರು, ಅವರ ಕಾಲಕ್ಕೆ ಹೋಟೆಲಿನ ಹೊರಗಿನ ಗೂಡಿನಲ್ಲಿ ಕೇರಿಯವರಿಗೆ ಅಂತ ಬೇರೆ ಲೋಟ ಇರುತ್ತಿತ್ತಂತೆ, ಕುಡಿದು ತಾವೇ ತೊಳೆದು ಇಡಬೇಕಿತ್ತಂತೆ. ಆ ಲೋಟ ಈಗ ಕಂಪ್ಯೂಟರ್ ಲ್ಯಾಬಿಗೆ ಬಂದಿತ್ತು. ಪಟ್ಟಿ ಹೊಲಿದಿದ್ದು ಲೋಕೇಶ್ ಅಲ್ಲ, ಮಾಲವಿಕಾ ಅಲ್ಲ. ಸೂಜಿಗೆ ದಾರ ಪೋಣಿಸಿ ಹೊಲಿದವಳು ನಾನು. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಇದೆ.

ಯಾಕೆ ಹೊಲಿದೆ? ಹರ್ಷಿತಾಗೋಸ್ಕರ. ನನ್ನ ಮಗಳು. ಚಿಕ್ಕವಳಿದ್ದಾಗಲೇ ನೋಟ್ ಬುಕ್ಕಿನ ಮೂಲೆಮೂಲೆಯಲ್ಲಿ ಬೊಂಬೆ ಬರೆದು, ಹಾಳೆಗಳನ್ನು ಪರಪರ ಬಿಟ್ಟು ಅದು ಓಡುವುದನ್ನು ನನಗೆ ತೋರಿಸುತ್ತಿದ್ದಳು. ಪಿಯುಸಿ ಮುಗಿಸಿ ಇದೇ ಸ್ಕೂಲಿನ ಪ್ರವೇಶ ಪರೀಕ್ಷೆ ಬರೆದಳು. ಪಾಸಾದಳು. ಪಾಸಾದರೆ ಸಾಲದು, ಅಲ್ಲಿನ ಫೀಸು ಕಟ್ಟಲು ನಮ್ಮ ಕೇರಿಯನ್ನೇ ಮಾರಬೇಕು. ಅವಳಪ್ಪ ಮರಿಸ್ವಾಮಿ ಕಸದ ಆಟೋ ಓಡಿಸುವವನು. ಆದರೆ ಕ್ಯಾಂಪಸ್ಸಿನ ಕೆಲಸಗಾರರ ಮಕ್ಕಳಿಗೆ ಅಂತ ವರ್ಷಕ್ಕೊಂದು ಫೀಸಿಲ್ಲದ ಸೀಟಿತ್ತು. ಅದು ಯಾರಿಗೆ ಅಂತ ಬರೆದುಕೊಡುವವರು ಡೈರೆಕ್ಟರ್ ವಿಜಯ್‌ಕುಮಾರ್ ಸರ್. ಕೇಳಿದಾಗಲೆಲ್ಲ "ನೋಡೋಣ ಕುಸುಮಮ್ಮ" ಅನ್ನುತ್ತಿದ್ದರು. ಆ ನೋಡೋಣವನ್ನು ನಂಬಿಕೊಂಡು ಕೈ ಚಾಚಿ ನಿಂತೆ. ಗುಡಿಸಿದೆ, ಬಗ್ಗಿದೆ, ಬುಟ್ಟಿ ಹೊತ್ತೆ. ಕೊನೆಗೆ ಬಿದ್ದೆ.

ಯಾಕೆ ಬೀಳಬೇಕು ಅಂತ ಆ ದಿನ ಕೇಳಿದ್ದೆ. ಗೇಮಿನ ಪ್ರತಿ ಬೊಂಬೆಗೂ ನಿಲ್ಲುವುದು, ನಡೆಯುವುದು, ಬೀಳುವುದು ಎಲ್ಲ ಇರಲೇಬೇಕು ಆಂಟಿ, ಹಿಂದಿನಿಂದ ಯಾರೋ ನೂಕಿದ ಹಾಗೆ ಅಂದುಕೊಳ್ಳಿ ಅಂದ ಲಿಖಿತ್. ಅಂದುಕೊಂಡೆ. ಸಂಜೆ ಮನೆಗೆ ಬಂದಾಗ ಎಡಗಡೆ ಸೊಂಟ ನೀಲಿಗಟ್ಟಿತ್ತು. ಬಾತ್‌ರೂಮಿನಲ್ಲಿ ಜಾರಿಬಿದ್ದೆ ಅಂತ ಹರ್ಷಿತಾಗೆ ಸುಳ್ಳು ಹೇಳಿದೆ. ಪಾಪ, ನೀಲಗಿರಿ ಎಣ್ಣೆ ಹಚ್ಚಿ ತಿಕ್ಕಿದಳು.

ಅದಾಗಿ ಮೂರು ವಾರಕ್ಕೆ ಒಂದು ಭಾನುವಾರ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹರ್ಷಿತಾ ಮೊಬೈಲು ಹಿಡಿದುಕೊಂಡು ಓಡಿ ಬಂದಳು. ನಿಮ್ಮ ಸ್ಕೂಲಿನವರು ಗೇಮಿನ ವಿಡಿಯೊ ಹಾಕಿದ್ದಾರೆ, ನೋಡು ಅಂದಳು. ಅಗ್ರಹಾರದ ಬೀದಿಯ ಹಾಗೇ ಒಂದು ಇಕ್ಕಟ್ಟು ಬೀದಿ. ಒಬ್ಬ ಹುಡುಗಿ ಓಡುತ್ತ ಬರುತ್ತಾಳೆ. ಮುಂದೆ ಒಬ್ಬಳು ಕಸ ಗುಡಿಸುತ್ತಿದ್ದಾಳೆ, ಎತ್ತಿಕಟ್ಟಿದ ಸೀರೆ, ಮಸಿಗಪ್ಪು, ಬಾಯಿಂದ ಹೊರಗೆ ಬಂದ ಹಲ್ಲು. ಹುಡುಗಿ ಹಿಂದಿನಿಂದ ಒಂದು ಒದೆ ಕೊಡುತ್ತಾಳೆ. ಗುಡಿಸುವವಳು ಮಕಾಡೆ ಬೀಳುತ್ತಾಳೆ, ಪೊರಕೆ ಹಾರುತ್ತದೆ, ಹತ್ತು ಪಾಯಿಂಟು ಅಂತ ಬರುತ್ತದೆ. ಮತ್ತೆ ಎದ್ದು ಗುಡಿಸುತ್ತಾಳೆ. ಮತ್ತೆ ಒದೆ.

"ಅಮ್ಮ, ನೋಡಿಲ್ಲಿ, ಎಂಗೆ ಬಿದ್ಬುಟ್ಲು," ಅಂತ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನನ್ನ ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಅವಳದ್ದೂ ಮಡಚುತ್ತಿರಲಿಲ್ಲ. ಬೀಳುವಾಗ ನನ್ನ ಎಡಗೈ ತಾನಾಗಿ ಕೊರಳ ತಾಳಿ ಹಿಡಿದುಕೊಳ್ಳುತ್ತದೆ, ನಾನು ಹೇಳಿ ಮಾಡಿಸುವುದಲ್ಲ ಅದು. ಅವಳೂ ಬೀಳುವಾಗ ಕೊರಳು ಹಿಡಿದುಕೊಂಡಳು. ಬಣ್ಣ ಅವರದು, ಹಲ್ಲು ಅವರದು, ಮೈ ನನ್ನದು. ನನ್ನ ಮಗಳು ಇನ್ನೊಂದು ಸಲ ಹಾಕಿ ನೋಡಿ ನಕ್ಕಳು. ನಾನೂ ನಕ್ಕೆ.

ಸೋಮವಾರ ವಿಜಯ್‌ಕುಮಾರ್ ಸರ್ ತಮ್ಮ ರೂಮಿಗೆ ಕರೆಸಿದರು. "ಕೂತ್ಕೊಳ್ಳಿ ಕುಸುಮಮ್ಮ" ಅಂದರು. ನಾಲ್ಕು ವರ್ಷ ಆ ಕುರ್ಚಿಯ ಧೂಳು ಒರೆಸಿದ್ದೇನೆ, ಕೂತಿದ್ದು ಅವತ್ತೇ ಮೊದಲು. ಮೇಜಿನ ಮೇಲೆ ಎರಡು ಹಾಳೆ. ಒಂದು, ಹರ್ಷಿತಾಗೆ ಆ ಸೀಟು ಕೊಡಬೇಕು ಅಂತ ಅವರೇ ಬರೆದ ಪತ್ರ, ಟೈಪಾಗಿ ಸೀಲು ಬಿದ್ದಿತ್ತು. ಇನ್ನೊಂದಕ್ಕೆ ನನ್ನ ಸೈನು ಬೇಕಿತ್ತು. ವಿಷಯ ಇಷ್ಟು. ಆ ಗೇಮನ್ನು ಹೈದರಾಬಾದಿನ ಒಂದು ಕಂಪನಿ ತಗೊಳ್ಳುತ್ತಿದೆ. ಯಾರ್‍ಯಾರ ಮೈ ಅದರಲ್ಲಿದೆಯೋ ಅವರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಮಕ್ಕಳ ಹತ್ತಿರ ಸೂಟು ತೊಡುವ ಮೊದಲೇ ಸೈನು ಹಾಕಿಸಿದ್ದರು. ನನ್ನ ಹತ್ತಿರ ಹಾಕಿಸಲು ಯಾರಿಗೂ ನೆನಪಾಗಿರಲಿಲ್ಲ. ಗುಡಿಸುವವಳು ಗುಡಿಸಿದ್ದನ್ನು ಆಕ್ಟಿಂಗ್ ಅಂತ ಯಾರು ಅಂದುಕೊಳ್ಳುತ್ತಾರೆ? ಈಗ ಕಂಪನಿಯ ವಕೀಲರು ಕೇಳಿದ್ದಾರೆ, ಈ ಹೆಂಗಸಿನ ಹಾಳೆ ಎಲ್ಲಿ ಅಂತ. ಅದಿಲ್ಲದೆ ಗೇಮು ಮುಂದೆ ಹೋಗುವುದಿಲ್ಲ. ನಾಳೆ ಸಂಜೆ ನಾಲ್ಕಕ್ಕೆ ಕಂಪನಿಯವರು ಬರುತ್ತಾರೆ.

ನನಗೆ ಇಂಗ್ಲಿಷ್ ಬರುವುದಿಲ್ಲ, ಮಗಳಿಗೆ ತೋರಿಸಿ ತರುತ್ತೇನೆ ಅಂದೆ. ಅವರಿಗೆ ಹಿಡಿಸಲಿಲ್ಲ, ಆದರೂ ನಗುತ್ತ, ನಾಳೆ ಹತ್ತು ಗಂಟೆಗೆ ತನ್ನಿ ಅಂದರು. ಪತ್ರವನ್ನು ಡ್ರಾಯರಿಗೆ ಹಾಕಿಕೊಂಡರು.

ಸಂಜೆ ಹರ್ಷಿತಾ ಹಾಳೆ ಓದಿ ಅರ್ಥ ಹೇಳಿದಳು. ನಾನು ಆ ಸೂಟಿನಲ್ಲಿ ಮಾಡಿದ್ದನ್ನೆಲ್ಲ ಅವರು ಹೇಗೆ ಬೇಕಾದರೂ ಉಪಯೋಗಿಸಬಹುದಂತೆ. ಎಂದೆಂದಿಗೂ. ಬರೀ ಈ ದೇಶದಲ್ಲಲ್ಲ, ಇಡೀ ವಿಶ್ವದಲ್ಲಿ. ವಿಶ್ವ ಅಂದರೆ ಎಷ್ಟು ಅಂತ ಕೇಳಿದೆ. ನಕ್ಷತ್ರ ಗ್ರಹ ಎಲ್ಲ ಸೇರಿ ಅಂದಳು. ಇಲವಾಲದ ಬಸ್ ಸ್ಟ್ಯಾಂಡಿನಲ್ಲಿ ಎದೆಯೆತ್ತಿ ನಡೆಯಲು ಆಗದವಳು ನಾನು, ಇಡೀ ವಿಶ್ವದಲ್ಲಿ ಬೀಳಬೇಕಂತೆ.

ಸೀಟಿನ ಪತ್ರದ ವಿಷಯ ಹೇಳಿದೆ. ಅವಳ ಮುಖ ಹೇಗೆ ಅರಳಿತು ಅಂದರೆ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. "ಹಾಕ್ಬುಡಮ್ಮ. ಒಂದ್ ಸೈನ್ ತಾನೆ," ಅಂದಳು. ಆಮೇಲೆ, ಅಲ್ಲಿ ನೀನು ಏನು ಮಾಡಿದ್ದೆ ಅಂತ ಕೇಳಿದಳು.

ಹೇಳಿಬಿಟ್ಟೆ. ನೀನು ನಕ್ಕೆಯಲ್ಲ, ಆ ಬಿದ್ದವಳು ನಾನೇ ಕಣೆ ಅಂದೆ. ಅವಳು ನಂಬಲಿಲ್ಲ. ಮೊಬೈಲು ತೆಗೆದು ಆ ವಿಡಿಯೊ ಹಾಕಿದಳು. ಒಂದು ಸಲ ನೋಡಿದಳು. ನನ್ನ ಮೊಣಕಾಲು ನೋಡಿದಳು. ಮೊಬೈಲನ್ನು ಚಾಪೆಯ ಮೇಲೆ ಮಗುಚಿ ಹಾಕಿ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೆ ಕರೆದೆ, ಏಳಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗಲೂ ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮರಿಸ್ವಾಮಿ ಮಾತ್ರ, ನಮ್ಮ ಮೈಗೆ ಇದೇನು ಹೊಸದಾ, ಮಗಳ ದಾರಿ ನೋಡು ಅಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಅವನು ಹೇಳಿದ್ದು ಸುಳ್ಳಲ್ಲ.

ಸೈನು ಹಾಕಬೇಕು ಅಂತಲೇ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಮೂರು ವರ್ಷ ಕಳೆದರೆ ಹುಡುಗಿ ಡಿಗ್ರಿ ಹಿಡಿದು ಹೊರಗೆ ಬರುತ್ತಾಳೆ, ಆಮೇಲೆ ಯಾವ ಬೊಂಬೆ ಎಲ್ಲಿ ಬಿದ್ದರೆ ನನಗೇನು ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಸರ್ ಪೆನ್ನು ಕೊಟ್ಟರು. ಎಲ್ಲಿ ಹಾಕಬೇಕು ಅಂತ ತೋರಿಸಿದರು. ಅವರಿಗೆ ಅವತ್ತು ಖುಷಿ. ಖುಷಿಯಲ್ಲಿದ್ದಾಗ ಮನುಷ್ಯ ಮನಸ್ಸಿನಲ್ಲಿರುವುದನ್ನು ಹೇಳುತ್ತಾನೆ.

"ನಿಮ್ಮ ಮಗಳು ಬಂದ್ರೆ ನಮಗೂ ಅನುಕೂಲ ಕುಸುಮಮ್ಮ. ಇನ್ಮೇಲೆ ಇಂಥ ರೋಲ್ ಎಲ್ಲಾ ಅವಳೇ ಮಾಡ್ಬಹುದು. ನಿಮ್ಮ ಹಾಗೇ ಬಾಡಿ ಲಾಂಗ್ವೇಜ್ ಇರುತ್ತಲ್ಲ. ಆ ಸೂಟೂ ಹೇಗೂ ಇದ್ದೇ ಇದೆ."

ಆ ಸೂಟು. ಕತ್ತಿನ ಹಿಂದೆ ಕೆಂಪು ಪಟ್ಟಿಯ ಸೂಟು. ನಾನು ಹೊಲಿದ ಪಟ್ಟಿ. ಅದನ್ನು ತೊಟ್ಟು, ತನ್ನ ಕೈಯಿಂದಲೇ ಗುಂಡು ಅಂಟಿಸಿಕೊಂಡು, ಬೆನ್ನಿಗೆ ಅಂಟಿಸಲು ನನ್ನನ್ನು ಕಕ್ಕಸಿನಿಂದ ಕರೆಸಿಕೊಂಡು, ನನ್ನ ಮಗಳು ಕೈ ಚಾಚಿ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅವಳ ಜೊತೆಯವರು ಕಲಿಯುತ್ತಾರೆ. ಇವಳು ಬೀಳುತ್ತಾಳೆ. ಸೀಟು ಅಂತ ಇವರು ಕೊಡುತ್ತಿದ್ದದ್ದು ಅದನ್ನೇ.

ಪೆನ್ನು ಮೇಜಿನ ಮೇಲಿಟ್ಟೆ. "ಸೈನ್ ಹಾಕಲ್ಲ ಸಾರ್," ಅಂದೆ.

ಅವರು ಏನಾಯಿತು ಅಂತ ಕೇಳಿದರು. ಒದೆ ತೆಗೀರಿ, ಆ ಪಟ್ಟಿ ತೆಗೀರಿ, ನನ್ನ ಮಗಳನ್ನು ಬೇರೆ ಮಕ್ಕಳ ಹಾಗೆ ಕೂರಿಸುತ್ತೀವಿ ಅಂತ ಬರೆದುಕೊಡಿ, ಹಾಕುತ್ತೀನಿ ಅಂದೆ. ಒದೆ ಹಾಸ್ಯಕ್ಕೆ, ಅದರಲ್ಲಿ ಜಾತಿ ಗೀತಿ ತರಬೇಡಿ ಅಂದರು. ಜಾತಿ ಅನ್ನುವ ಮಾತು ಆ ಕಟ್ಟಡದಲ್ಲಿ ನನ್ನ ಕಿವಿಗೆ ಬಿದ್ದಿದ್ದು ಅದೇ ಮೊದಲು, ಎತ್ತಿದವರು ಅವರೇ. ಆಮೇಲೆ ನಗು ಹೋಯಿತು. ನೀವಿಲ್ಲದಿದ್ದರೆ ಏನಂತೆ, ಬೀಳುವುದೇನು ದೊಡ್ಡ ವಿದ್ಯೆಯಾ, ಮಾಲವಿಕಾ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾಳೆ ಅಂದರು.

"ಮಾಡ್ಸಿ ಸಾರ್," ಅಂದು ಎದ್ದೆ.

ಹತ್ತು ನಿಮಿಷಕ್ಕೆ ಲೋಕೇಶ್ ಬಂದ. ನಾಳೆಯಿಂದ ಬರಬೇಡ ಅಂದ. ಹೋಗುವ ಮೊದಲು ನಾಲ್ಕೂ ಸೂಟು ಒಗೆದು ಮೂರು ಗಂಟೆಗೆ ಲ್ಯಾಬಿಗೆ ತಲುಪಿಸು, ಗುರುತಿನ ಚೀಟಿ ಗೇಟಿನಲ್ಲಿ ಕೊಡು ಅಂದ. ಕೆಲಸದಿಂದ ತೆಗೆದ ಮೇಲೂ ಕೆಲಸ ಹೇಳುವುದು ಇವರಿಗೇ ಸೈ. ಆದರೆ ನಾನು ಇಲ್ಲ ಅನ್ನಲಿಲ್ಲ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೀರೆಯ ಪಿನ್ನು ತೆಗೆದು ಆ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಗಟ್ಟಿಯಾಗಿ ಹೊಲಿದಿದ್ದೆ, ಸುಲಭಕ್ಕೆ ಬರಲಿಲ್ಲ, ಉಗುರು ಕಿತ್ತು ರಕ್ತ ಬಂತು. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾಲ್ಕೂ ಸೂಟನ್ನು ಒಂದೇ ಬಕೆಟ್ಟಿಗೆ ಹಾಕಿ, ಒಂದೇ ನೀರಿನಲ್ಲಿ, ಒಂದೇ ಸೋಪಿನಲ್ಲಿ ತಿಕ್ಕಿದೆ. ಕೆಂಚಮ್ಮ ಬಾಗಿಲು ತಟ್ಟಿ ಒಳಗೆ ಬಂದವಳು ಬಕೆಟ್ಟು ನೋಡಿದಳು, ನನ್ನ ಮುಖ ನೋಡಿದಳು. ಸೀರೆ ಎತ್ತಿಕಟ್ಟಿ ಪಕ್ಕದಲ್ಲಿ ಕೂತು ಹಿಂಡತೊಡಗಿದಳು. ತಾರಸಿಯ ತಂತಿಗೆ ಇಬ್ಬರೂ ಸೇರಿ ಹಾಕಿದೆವು. ಏಪ್ರಿಲ್ ಬಿಸಿಲು, ಎರಡು ಗಂಟೆಯಲ್ಲಿ ಒಣಗಿದವು.

ಮೂರು ಗಂಟೆಗೆ ಲ್ಯಾಬಿಗೆ ತಂದು ನಾಲ್ಕನ್ನೂ ಒಂದೇ ಸಾಲಿನಲ್ಲಿ ನೇತುಹಾಕಿದೆ. ನೆಲದ ಮೇಲೆ ನಾಲ್ಕು ನೀಲಿ ಹಾಸು ಹಾಸಿದ್ದರು, ಬೆರಳಿನಲ್ಲಿ ಒತ್ತಿದರೆ ತಗ್ಗುವಂಥವು, ಕ್ಯಾಂಪಸ್ಸಿನ ಜಿಮ್ಮಿನಿಂದ ತರಿಸಿದ್ದಂತೆ. ಮಾಲವಿಕಾ ಬೀಳುತ್ತಾಳಲ್ಲ, ಅದಕ್ಕೆ. ನಾನು ಬಿದ್ದ ದಿನವೂ ಜಿಮ್ಮು ಅಲ್ಲೇ ಇತ್ತು.

ಮಾಲವಿಕಾ ಕೈ ಹಾಕಲು ಹೋದವಳು ನಿಂತಳು. ಒಂದೊಂದು ಸೂಟಿನ ಕತ್ತನ್ನೂ ಬೆರಳ ತುದಿಯಿಂದ ಹಿಂದಕ್ಕೆ ಮಡಚಿ ನೋಡಿದಳು. ಕೈ ಹಿಂದೆ ತೆಗೆದುಕೊಂಡಳು.

"ಆಂಟಿ, ಇದರಲ್ಲಿ ಯಾವುದು ನಿಮ್ದು?"

ಲಿಖಿತ್ ಎದ್ದು ಬಂದ, ಅವನೂ ಮುಟ್ಟಲಿಲ್ಲ. ವಿಜಯ್‌ಕುಮಾರ್ ಸರ್ ಗಡಿಯಾರ ನೋಡಿದರು. ನನ್ನ ಹತ್ತಿರ ಬಂದರು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು. "ಲೆಟರ್ ಇನ್ನೂ ಹರಿದಿಲ್ಲ ಕುಸುಮಮ್ಮ. ಯಾವುದು ಅಂತ ತೋರಿಸಿಬಿಡಿ, ಸಾಕು. ಇವತ್ತೇ ಕಳಿಸ್ತೀನಿ."

ನಾನು ಸಾಚಾ ಅಂತ ಹೇಳಿಕೊಳ್ಳುವುದಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ ಮಗಳು ನೆನಪಾದಳು. ನನ್ನ ಕಣ್ಣು ನಾಲ್ಕೂ ಸೂಟಿನ ಮೇಲೆ ಓಡಿತು, ನನ್ನದು ಯಾವುದು ಅಂತ ಹುಡುಕಿತು. ಹುಡುಕಿದೆ, ಹೌದು. ಸಿಗಲಿಲ್ಲ. ನಾಲ್ಕೂ ಒಂದೇ ಥರ ಕಪ್ಪಗೆ ನೇತಾಡುತ್ತಿದ್ದವು. ನನ್ನ ಮೈಯ ಯಾವ ಗುರುತೂ ಯಾವುದರಲ್ಲೂ ಇರಲಿಲ್ಲ. ಇಷ್ಟು ದಿನ ಇದ್ದದ್ದು ಆ ಕೆಂಪು ಪಟ್ಟಿ ಒಂದೇ, ಅದು ನನ್ನ ಸೊಂಟದಲ್ಲಿತ್ತು.

"ನಂಗೂ ಗೊತ್ತಾಯ್ತಾ ಇಲ್ಲ ಸಾರ್," ಅಂದೆ. ಮಾಲವಿಕಾ ಕಡೆ ತಿರುಗಿದೆ. "ನಾಲ್ಕೂ ಒಂದೇ ನೀರಲ್ಲಿ ಒಗ್ದಿವ್ನಿ ಕಣಮ್ಮ. ಯಾವುದಾದ್ರೂ ಹಾಕ್ಕೊ. ಕೈ ಚಾಚಿ ನಿಂತ್ಕೊ. ಬೀಳು."

ನಾಲ್ಕಾಗುವ ಮೊದಲೇ ಹೊರಗೆ ಕಂಪನಿಯವರ ಕಾರು ಬಂದು ನಿಂತ ಸದ್ದಾಯಿತು. ಒಳಗೆ ಅಷ್ಟು ಜನ ನಿಂತಿದ್ದರು. ಒಬ್ಬರೂ ಸೂಟಿಗೆ ಕೈ ಹಾಕಲಿಲ್ಲ.